ನಾಲ್ಕು ಸಮಪಾಲು: ಆರ್.ಇ.ಎಂ. ಬ್ಯಾಂಡಿನ ಲೆಕ್ಕಾಚಾರ

ಬ್ಯಾಂಡುಗಳು ಯಾಕೆ ಒಡೆಯುತ್ತವೆ ಅಂತ ಕೇಳಿದರೆ ಕುಡಿತ, ಮಾದಕ ವಸ್ತು, ಅಹಂಕಾರ ಅಂತ ಪಟ್ಟಿ ಸಿಗುತ್ತದೆ. ಅವೂ ಸುಳ್ಳಲ್ಲ. ಆದರೆ ಸ್ವಲ್ಪ ಕೆದಕಿದರೆ ತಳದಲ್ಲಿ ಇನ್ನೊಂದು ಜಗಳ ಕಾಣಿಸುತ್ತದೆ: ಹಾಡು ಯಾರ ಹೆಸರಿನಲ್ಲಿದೆ? ಅಪ್ಪನ ಕಾಲದಲ್ಲಿ ಒಟ್ಟಿಗೆ ಉತ್ತವರು ಪಹಣಿಯಲ್ಲಿ ಒಬ್ಬನ ಹೆಸರು ಮಾತ್ರ ಇರುವುದನ್ನು ಹದಿನೈದು ವರ್ಷದ ಮೇಲೆ ಕಂಡುಕೊಂಡ ಹಾಗೆ.

ಅಮೆರಿಕದ ರಾಕ್ ಬ್ಯಾಂಡ್ ಆರ್.ಇ.ಎಂ. 1980ರಲ್ಲಿ ಶುರುವಾಯಿತು, 2011ರ ಸೆಪ್ಟೆಂಬರ್ 21ರಂದು ತಾನಾಗಿಯೇ ಮುಗಿಸಿತು. ಮಧ್ಯೆ 15 ಸ್ಟುಡಿಯೋ ಆಲ್ಬಂ. ಕೋರ್ಟು ಕಚೇರಿ ಇಲ್ಲ, ಒಬ್ಬರ ಮೇಲೊಬ್ಬರು ಕೆಸರೆರಚಿದ ಸಂದರ್ಶನಗಳಿಲ್ಲ. ಅವರ ಸಂಗೀತದ ಬಗ್ಗೆ ಬರೆದವರು ಬಹಳ ಮಂದಿ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಅವರು ಶುರುವಿನಲ್ಲೇ ಮಾಡಿಕೊಂಡ ಎರಡು ಕರಾರುಗಳು. ಒಂದು, ಯಾರು ಬರೆದರೂ ಹಾಡಿನ ಕೆಳಗೆ ನಾಲ್ವರ ಹೆಸರೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ: ಬೆರ್ರಿ (ಡ್ರಮ್ಸ್), ಬಕ್ (ಗಿಟಾರ್), ಮಿಲ್ಸ್ (ಬೇಸ್), ಸ್ಟೈಪ್ (ಗಾಯಕ). ದುಡ್ಡೂ ನಾಲ್ಕು ಸಮಪಾಲು. ಎರಡು, ಯಾವುದೇ ತೀರ್ಮಾನಕ್ಕೆ ನಾಲ್ವರೂ ಒಪ್ಪಬೇಕು; ಒಬ್ಬ ಬೇಡ ಅಂದರೆ ಅದು ಬೇಡ. ಈ ಬ್ಯಾಂಡಿನ ಏರಿಳಿತಗಳಲ್ಲಿ ಮುಕ್ಕಾಲು ಪಾಲು ಈ ಎರಡರಿಂದಲೇ ಅರ್ಥವಾಗುತ್ತದೆ ಅನ್ನುವುದು ನನ್ನ ವಾದ.

ಮೊದಲು ದುಡ್ಡು ಹರಿಯುವ ದಾರಿ ನೋಡೋಣ, ಅದು ಗೊತ್ತಿಲ್ಲದೆ ಉಳಿದದ್ದು ಪುರಾಣದಂತೆ ಕೇಳಿಸುತ್ತದೆ. ಅಮೆರಿಕದಲ್ಲಿ ಒಂದು ಹಾಡಿನ ಮೇಲೆ ಎರಡು ಬೇರೆ ಬೇರೆ ಹಕ್ಕುಗಳಿವೆ. ಧ್ವನಿಮುದ್ರಣದ ಹಕ್ಕು ಒಂದು, ಅದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಕೈಯಲ್ಲಿರುತ್ತದೆ. ರಚನೆಯ ಹಕ್ಕು ಇನ್ನೊಂದು, ಅದು ಬರೆದವರದ್ದು ಮತ್ತು ಆ ಹಕ್ಕನ್ನು ನೋಡಿಕೊಳ್ಳುವ ಅವರ ಪ್ರಕಾಶಕರದ್ದು. ಅಲ್ಲಿನ ಎಫ್‌ಎಂ, ಎಎಂ ರೇಡಿಯೊದಲ್ಲಿ ಹಾಡು ಬಂದರೆ ದುಡ್ಡು ಹೋಗುವುದು ಬರೆದವರ ಕಡೆಗೆ ಮಾತ್ರ. ಡ್ರಮ್ಸ್ ನುಡಿಸಿದವನಿಗೆ, ಬೇಸ್ ನುಡಿಸಿದವನಿಗೆ, ಬರೀ ಹಾಡಿದವನಿಗೂ ಬಿಡಿಗಾಸಿಲ್ಲ.

ಆಲ್ಬಂ ಮಾರಾಟದಲ್ಲೂ ಹಾಗೇ ಎರಡು ದಾರಿ. ಕಲಾವಿದರ ರಾಯಲ್ಟಿ ಒಪ್ಪಂದದಲ್ಲಿ ಬರೆದಿರುತ್ತದೆ ನಿಜ, ಆದರೆ ಮುಂಗಡ, ಸ್ಟುಡಿಯೋ ಖರ್ಚು, ವಿಡಿಯೊ ಖರ್ಚಿನ ಒಂದು ಭಾಗ, ಎಲ್ಲ ವಸೂಲಾಗುವ ತನಕ ಆ ಖಾತೆಯಿಂದ ಒಂದು ಡಾಲರೂ ಹೊರಗೆ ಬರುವುದಿಲ್ಲ. ರಚನೆಯ ರಾಯಲ್ಟಿಗೆ ಆ ಕಾಟವಿಲ್ಲ. ಮಾರಾಟವಾದ ಮೊದಲ ಪ್ರತಿಯಿಂದಲೇ ಲೆಕ್ಕ. 1991ರಲ್ಲಿ ಕಾನೂನು ಗೊತ್ತುಮಾಡಿದ್ದ ದರ ಒಂದು ಹಾಡಿಗೆ, ಒಂದು ಪ್ರತಿಗೆ 5.7 ಸೆಂಟ್. ಕಂಪನಿಗಳು ಸುಮ್ಮನಿರುತ್ತವೆಯೇ? ತಾವೇ ಬರೆದು ತಾವೇ ಹಾಡುವವರಿಗೆ ಆ ದರದ 75 ಶೇಕಡಾ ಮಾತ್ರ, ಅದೂ ಆಲ್ಬಂಗೆ ಹತ್ತು ಹಾಡಿನ ಮಿತಿ ಅನ್ನುವ ಷರತ್ತು ಆಗಿನ ಒಪ್ಪಂದಗಳಲ್ಲಿ ಮಾಮೂಲು. ಆ ಮಾಮೂಲಿ ಷರತ್ತನ್ನೇ ಹಿಡಿದರೂ ಪ್ರತಿಗೆ 42.75 ಸೆಂಟ್ ಆಯಿತು, ಹತ್ತು ಲಕ್ಷ ಪ್ರತಿಗೆ 4,27,500 ಡಾಲರ್. ಇದೆಲ್ಲ ಗಿಟಾರಿಸ್ಟ್ ಮತ್ತು ಗಾಯಕನ ಹೆಸರಿಗೆ ಹೋದರೆ ಡ್ರಮ್ಮರ್ ಬಾಡಿಗೆ ಮನೆಯಲ್ಲಿ, ಅವರಿಬ್ಬರೂ ಬಂಗಲೆಯಲ್ಲಿ. ನಾಲ್ಕು ಪಾಲು ಮಾಡಿದರೆ ತಲೆಗೆ 1,06,875. ಪ್ರಕಾಶಕರು ಹೊರಗಿನವರಾದರೆ ಅದರಲ್ಲಿ ಅವರ ಕೈಗೂ ಒಂದು ಭಾಗ ಹೋಗುತ್ತದೆ. ಆರ್.ಇ.ಎಂ. ತಮ್ಮ ಹಾಡುಗಳಿಗೆ ನೈಟ್ ಗಾರ್ಡನ್ ಮ್ಯೂಸಿಕ್ ಅನ್ನುವ ಸ್ವಂತ ಪ್ರಕಾಶನವನ್ನೇ ಇಟ್ಟುಕೊಂಡರು.

ಇನ್ನೊಂದು ಸೂಕ್ಷ್ಮ ಇದೆ. ಬದಿಗೊಂದು ಹಾಡಿರುವ ಸಿಂಗಲ್ ರೆಕಾರ್ಡಿನ ಹಿಂಬದಿಯ ಹಾಡಿಗೂ ಮುಂಬದಿಯಷ್ಟೇ ರಾಯಲ್ಟಿ. ಹೆಸರು ಬೇರೆ ಬೇರೆ ಇರುವ ಬ್ಯಾಂಡಿನಲ್ಲಿ ಹಿಂಬದಿಗೆ ಯಾರ ಹಾಡು ಹಾಕಬೇಕು ಅನ್ನುವುದೇ ದೊಡ್ಡ ರಾಜಕೀಯ. ಆಲ್ಬಂಗೆ ಆರಿಸುವಾಗಲೂ ಹಾಡು ಹೇಗಿದೆ ಅನ್ನುವುದಕ್ಕಿಂತ ಯಾರದ್ದು ಅನ್ನುವುದು ಮುಂದೆ ಬರುತ್ತದೆ. ಸಮಪಾಲಿನಲ್ಲಿ ಈ ತಲೆನೋವೇ ಇಲ್ಲ. ಕೆಟ್ಟ ಹಾಡನ್ನು ಕೆಟ್ಟದ್ದು ಅಂತ ಹೇಳಲು ಯಾರಿಗೂ ನಷ್ಟವಿಲ್ಲ.

ಈಗ ಕಥೆಗೆ ಬರೋಣ. ಜಾರ್ಜಿಯಾ ರಾಜ್ಯದ ಏಥೆನ್ಸ್ ಒಂದು ವಿಶ್ವವಿದ್ಯಾಲಯದ ಊರು. ಪೀಟರ್ ಬಕ್ ಅಲ್ಲಿನ ವಕ್ಸ್‌ಟ್ರಿ ಎಂಬ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿಗೆ ಬರುತ್ತಿದ್ದ ಕಲಾ ವಿದ್ಯಾರ್ಥಿ ಮೈಕಲ್ ಸ್ಟೈಪ್ ಪರಿಚಯವಾದ. ಮೈಕ್ ಮಿಲ್ಸ್ ಮತ್ತು ಬಿಲ್ ಬೆರ್ರಿ ಮೇಕನ್ ಊರಿನಿಂದಲೇ ಜೊತೆಗಾರರು. 1980ರ ಏಪ್ರಿಲ್ 5ರಂದು ಪಾಳುಬಿದ್ದ ಒಂದು ಚರ್ಚಿನಲ್ಲಿ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಮೊದಲ ಬಾರಿ ನುಡಿಸಿದರು. ಆ ಚರ್ಚಿನ ಗೋಪುರ ಈಗಲೂ ಒಂಟಿಯಾಗಿ ನಿಂತಿದೆ, ಅಭಿಮಾನಿಗಳು ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಫೋಟೊಗೆ ಸಿಗದ ಒಂದು ವಿಷಯ ಬೆರ್ರಿಯ ಹಳೆಯ ಕೆಲಸ. ಮೇಕನ್‌ನಲ್ಲಿ ಆತ ಪ್ಯಾರಗಾನ್ ಎಂಬ ಕಾರ್ಯಕ್ರಮ ಬುಕಿಂಗ್ ಏಜೆನ್ಸಿಯಲ್ಲಿ ಚಾಕರಿಗಿದ್ದ. ಅಲ್ಲಿ ಇಯಾನ್ ಕೋಪ್‌ಲ್ಯಾಂಡ್ ಎಂಬ ಏಜೆಂಟ್ ಇದ್ದ. ಇಯಾನ್‌ನ ಒಬ್ಬ ಸಹೋದರ ಸ್ಟೂವರ್ಟ್, ದಿ ಪೊಲೀಸ್ ಬ್ಯಾಂಡಿನ ಡ್ರಮ್ಮರ್. ಇನ್ನೊಬ್ಬ ಮೈಲ್ಸ್, ಐ.ಆರ್.ಎಸ್. ರೆಕಾರ್ಡ್ಸ್‌ನ ಒಡೆಯ. 1980ರ ಡಿಸೆಂಬರ್‌ನಲ್ಲಿ, ಇನ್ನೂ ಒಂದು ರೆಕಾರ್ಡೂ ಇಲ್ಲದ ಆರ್.ಇ.ಎಂ. ಅಟ್ಲಾಂಟಾದಲ್ಲಿ ದಿ ಪೊಲೀಸ್‌ಗೆ ಮುಂಚೆ ವೇದಿಕೆ ಹತ್ತಿತು, 1982ರಲ್ಲಿ ಐ.ಆರ್.ಎಸ್. ಜೊತೆ ಒಪ್ಪಂದವಾಯಿತು. ಪ್ರತಿಭೆಯನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದರೆ ಡ್ರಮ್ಮರ್‌ನ ಈ ಪರಿಚಯಗಳ ಬೆಲೆ ಎಷ್ಟು? ಹಾಡಿನ ಸಾಲು ಎಣಿಸಿ ಪಾಲು ಹಂಚುವ ಪದ್ಧತಿಯಲ್ಲಿ ಅದಕ್ಕೆ ಸೊನ್ನೆ.

ಮೊದಲ ಸಿಂಗಲ್ 'ರೇಡಿಯೊ ಫ್ರೀ ಯೂರೋಪ್' 1981ರಲ್ಲಿ ಹಿಬ್-ಟೋನ್ ಎಂಬ ಪುಟ್ಟ ಲೇಬಲ್‌ನಿಂದ ಬಂತು. ಮೊದಲ ಮುದ್ರಣ 1000 ಪ್ರತಿ, ಅದರಲ್ಲಿ 600 ಪತ್ರಿಕೆ ಮತ್ತು ರೇಡಿಯೊಗಳಿಗೆ ಪುಕ್ಕಟೆ. ವಿಮರ್ಶೆ ಚೆನ್ನಾಗಿ ಬಂದ ಮೇಲೆ ಇನ್ನೂ 6000 ಒತ್ತಿಸಿದರು. ಮಾಸ್ಟರಿಂಗ್, ಅಂದರೆ ರೆಕಾರ್ಡ್ ಒತ್ತುವ ಮುನ್ನ ಸದ್ದನ್ನು ಹದಮಾಡುವ ಕೊನೆಯ ಕೆಲಸ, ಮಂಕಾಗಿತ್ತು ಅಂತ ಬಕ್‌ಗೆ ಅಸಮಾಧಾನ. ಮಂಕಾದ ಆ ಸದ್ದಿಗೇ ವಿದ್ಯಾರ್ಥಿಗಳು ನಡೆಸುವ ಕಾಲೇಜು ರೇಡಿಯೊದ ಹುಡುಗರು ಮರುಳಾದದ್ದು ಬೇರೆ ಮಾತು.

ಎರಡನೆಯ ಕರಾರು, ಅಂದರೆ ಬೇಡ ಅನ್ನುವ ಹಕ್ಕು, ಮೊದಲ ಆಲ್ಬಂನಲ್ಲೇ ಕೆಲಸಕ್ಕೆ ಬಂತು. ಐ.ಆರ್.ಎಸ್. ನಿರ್ಮಾಪಕನನ್ನಾಗಿ, ಅಂದರೆ ಧ್ವನಿಮುದ್ರಣ ನಡೆಸಿಕೊಡುವವನನ್ನಾಗಿ, ಸ್ಟೀಫನ್ ಹೇಗ್‌ನನ್ನು ಗೊತ್ತುಮಾಡಿತ್ತು. ಆತ ತಾಳದಲ್ಲಿ ಕೂದಲೆಳೆಯಷ್ಟೂ ತಪ್ಪಬಾರದು ಅನ್ನುವವನು. ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿ ಬೆರ್ರಿ ಸೋತುಹೋದ. ಕೊನೆಗೆ ಹೇಗ್ ಟೇಪನ್ನು ಬಾಸ್ಟನ್‌ಗೆ ಒಯ್ದು, ಇವರನ್ನು ಕೇಳದೆ ಕೀಬೋರ್ಡ್ ಸೇರಿಸಿದ. ಬ್ಯಾಂಡ್ ಕಂಪನಿಗೆ ಖಡಾಖಂಡಿತ ಹೇಳಿತು: ಮಿಚ್ ಈಸ್ಟರ್ ಬೇಕು. ಸಿಂಗಲ್ ಮಾಡಿಕೊಟ್ಟಿದ್ದವನು ಅವನೇ. ಈಸ್ಟರ್ ಜೊತೆಗೆ ಡಾನ್ ಡಿಕ್ಸನ್ ಬಂದ. 1983ರ ಆರಂಭದಲ್ಲಿ ಶಾರ್ಲಟ್ ಊರಿನ ರಿಫ್ಲೆಕ್ಷನ್ ಸ್ಟುಡಿಯೋದಲ್ಲಿ 'ಮರ್ಮರ್' ತಯಾರಾಯಿತು.

ಈ ಆಲ್ಬಂ ಇವತ್ತಿಗೂ ಹಳತೆನಿಸದಿರುವುದಕ್ಕೆ ಕಾರಣ ಅವರು ಬೇಡ ಅಂದ ವಸ್ತುಗಳು. ಗಿಟಾರ್ ಸೋಲೊ ಬೇಡ, ಆಗಿನ ಫ್ಯಾಷನ್ನಿನ ಸಿಂಥಸೈಜರ್ ಬೇಡ. ಬಕ್ ಸ್ವರಮೇಳವನ್ನು ಒಟ್ಟಿಗೆ ಬಾರಿಸದೆ ತಂತಿಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುತ್ತಾನೆ. ರಿಕನ್‌ಬ್ಯಾಕರ್ ಗಿಟಾರಿನ ಗಂಟೆಯಂಥ ನಾದಕ್ಕೆ ಅದು ಹೊಂದುತ್ತದೆ. ಹೀಗೆ ಬಿಡಿಸಿ ನುಡಿಸಿದಾಗ ಮಧ್ಯೆ ಜಾಗ ಉಳಿಯುತ್ತದೆ, ಆ ಜಾಗದಲ್ಲಿ ಮಿಲ್ಸ್‌ನ ಬೇಸ್ ರಾಗದ ಹಾಗೆ ಓಡಾಡುತ್ತದೆ. ಎಷ್ಟೋ ಹಾಡುಗಳಲ್ಲಿ ನಿಜವಾದ ರಾಗ ಬೇಸ್‌ನಲ್ಲೇ ಇದೆ. ಸ್ಟೈಪ್ ಸ್ಟುಡಿಯೋದ ಪಕ್ಕದ ಮೆಟ್ಟಿಲ ಸಂದಿಯಲ್ಲಿ, ಕತ್ತಲಲ್ಲಿ ನಿಂತು ಹಾಡಿದ. ಮಾತು ಅರ್ಧಂಬರ್ಧ ಕೇಳಿಸುತ್ತದೆ, ಅವನಿಗೆ ಬೇಕಾದದ್ದೂ ಅದೇ.

ಈ ಆಲ್ಬಂಗಾಗಿ ಮತ್ತೆ ಧ್ವನಿಮುದ್ರಿಸಿದ 'ರೇಡಿಯೊ ಫ್ರೀ ಯೂರೋಪ್' ಆರಂಭವಾಗುವ ಮುನ್ನ ಗೊರಗೊರ ಅನ್ನುವ ವಿಚಿತ್ರ ಸದ್ದು ಬರುತ್ತದಲ್ಲ, ಅದು ಸ್ಟುಡಿಯೋದ ಉಪಕರಣಗಳ ಹಮ್. ಅಕಸ್ಮಾತ್ ಟೇಪಿಗೆ ಬಿದ್ದಿತ್ತು. ಈಸ್ಟರ್ ಅದನ್ನು ಅಳಿಸದೆ, ಮಿಲ್ಸ್‌ನ ಬೇಸ್‌ನ ಒಂದು ಸ್ವರ ಬಂದಾಗ ಮಾತ್ರ ಆ ಸದ್ದು ಬಾಗಿಲು ತೆರೆದು ಮುಚ್ಚಿದ ಹಾಗೆ ಬಂದು ನಿಲ್ಲುವಂತೆ ಕಟ್ಟಿದ. ಹೀಗಾಗಿ ಕರೆಂಟಿನ ಗೊರಗೊರಕ್ಕೂ ಲಯ ಬಂತು. ಇನ್ನೊಂದು ಹಾಡಿನಲ್ಲಿ ದೂರದ ಗುಡುಗಿನಂತೆ ಕೇಳುವುದು ಬಿಲಿಯರ್ಡ್ಸ್ ಚೆಂಡುಗಳು ಒಂದಕ್ಕೊಂದು ಬಡಿಯುವ ಸದ್ದು, ವೇಗ ಇಳಿಸಿದ್ದು. ಹೆಡ್‌ಫೋನ್ ಹಾಕಿ ಕೇಳಿ. ಫೋನಿನ ಸ್ಪೀಕರಿನಲ್ಲಿ ಇದ್ಯಾವುದೂ ಸಿಗುವುದಿಲ್ಲ.

'ಮರ್ಮರ್' ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 36ರ ತನಕ ಹೋಯಿತು, ಆ ವರ್ಷದ ಕೊನೆಗೆ ಸುಮಾರು ಎರಡು ಲಕ್ಷ ಪ್ರತಿ. ದೊಡ್ಡ ಸಂಖ್ಯೆಯೇನಲ್ಲ. ಆದರೆ ಮೈಕಲ್ ಜಾಕ್ಸನ್‌ನ 'ಥ್ರಿಲರ್' ರಾಜ್ಯವಾಳುತ್ತಿದ್ದ ಆ ವರ್ಷ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ವರ್ಷದ ಆಲ್ಬಂ ಅಂತ ಆರಿಸಿದ್ದು ಇದನ್ನು. ಅಲ್ಲಿಂದ 1987ರ ತನಕದ ಹಾದಿಯನ್ನು ಬೇಗ ಹೇಳಿಬಿಡಬಹುದು: ವರ್ಷಕ್ಕೊಂದು ಆಲ್ಬಂ, ಆಲ್ಬಂಗೊಂದು ಸುದೀರ್ಘ ಪ್ರವಾಸ, ಪ್ರತಿ ಸಲವೂ ಸ್ವಲ್ಪ ದೊಡ್ಡ ಸಭಾಂಗಣ. ಐದನೆಯದಾದ 'ಡಾಕ್ಯುಮೆಂಟ್' ಹೊತ್ತಿಗೆ ನಿರ್ಮಾಪಕ ಸ್ಕಾಟ್ ಲಿಟ್ ಬಂದಿದ್ದ, ಸ್ಟೈಪ್‌ನ ಮಾತು ಸ್ಪಷ್ಟವಾಗಿತ್ತು, ಒಂದು ಹಾಡು ಅಮೆರಿಕದ ಸಿಂಗಲ್ಸ್ ಪಟ್ಟಿಯ 9ನೇ ಸ್ಥಾನ ಮುಟ್ಟಿತ್ತು. ಐ.ಆರ್.ಎಸ್. ಒಪ್ಪಂದ ಅಲ್ಲಿಗೆ ಮುಗಿಯಿತು. ಅಮೆರಿಕದ ಹೊರಗೆ ಆ ಕಂಪನಿಯ ವಿತರಣೆ ಸೊರಗಿತ್ತು. ಯೂರೋಪಿನಲ್ಲಿ ಕೇಳುವವರಿದ್ದರೂ ಅಂಗಡಿಯಲ್ಲಿ ಮಾಲು ಇಲ್ಲ ಅನ್ನುವ ಸ್ಥಿತಿ. 1988ರಲ್ಲಿ ವಾರ್ನರ್ ಬ್ರದರ್ಸ್‌ಗೆ ಹೋದರು. 'ಗ್ರೀನ್' ಬಂದದ್ದು ಆ ವರ್ಷದ ನವೆಂಬರ್ 8ರಂದು, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನವೇ. ಬೇಕೆಂದೇ ಆರಿಸಿದ ದಿನ.

ಕಾಲೇಜು ರೇಡಿಯೊದ ಬ್ಯಾಂಡು ದೊಡ್ಡ ಕಂಪನಿಗೆ ಹೋದರೆ ಕೆಡುತ್ತದೆ ಅನ್ನುವ ಮಾತು ಆಗ ಜೋರಾಗಿತ್ತು. ಇವರು ಕೆಡಲಿಲ್ಲ ಅನ್ನುವುದಕ್ಕೆ ಸಾಕ್ಷಿ 1991ರ 'ಲೂಸಿಂಗ್ ಮೈ ರಿಲಿಜನ್'. ಅದು ಹೇಗೆ ಕಟ್ಟಿದ ಹಾಡು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು.

ಬಕ್ ಹೊಸದಾಗಿ ಮ್ಯಾಂಡೊಲಿನ್ ಕೊಂಡಿದ್ದ. ಟಿವಿ ನೋಡುತ್ತಾ ಕಲಿಯುತ್ತಿದ್ದಾಗ ಬೆರಳಿಗೆ ಬಂದ ಒಂದು ತುಣುಕು ಈ ಹಾಡಾಯಿತು. ಮ್ಯಾಂಡೊಲಿನ್ ಅಂದರೆ ನಮಗೆ ಯು. ಶ್ರೀನಿವಾಸ್ ಅವರ ಎಲೆಕ್ಟ್ರಿಕ್ ವಾದ್ಯ ನೆನಪಾಗುತ್ತದೆ. ಇದು ಅದಲ್ಲ, ನಾಲ್ಕು ಜೋಡಿ, ಎಂಟು ತಂತಿಯ ಮರದ ವಾದ್ಯ. ಶ್ರುತಿ ಪಿಟೀಲಿನಂತೆ, ನಾದ ಬೇಗ ಸತ್ತುಹೋಗುತ್ತದೆ, ಅದಕ್ಕೇ ಕೈ ನಿಲ್ಲಿಸದೆ ಬಾರಿಸಬೇಕು. ಪಲ್ಲವಿ ಅಂತ ಗುರುತಿಸುವ ಭಾಗವೇ ಇಲ್ಲದ ಹಾಡು. ಚರಣ ಎ ಮೈನರ್ ಮತ್ತು ಇ ಮೈನರ್ ಎಂಬ ಸ್ವರಮೇಳಗಳ ಮಧ್ಯೆ ತೂಗಾಡಿ ಡಿ ಮೈನರ್, ಜಿ ಕಡೆ ಇಳಿಯುತ್ತದೆ. ಗಿಟಾರ್ ಕಲಿತ ಮೂರನೆಯ ತಿಂಗಳಿಗೆ ಯಾರು ಬೇಕಾದರೂ ನುಡಿಸಬಹುದು. ತೊಂದರೆ ಬಂದದ್ದು ಬೇರೆ ಕಡೆ. ಮ್ಯಾಂಡೊಲಿನ್ ಪೂರ್ತಿ ಮೇಲಿನ ಸ್ತರ, ಮಿಲ್ಸ್‌ನ ಬೇಸ್ ಪೂರ್ತಿ ಕೆಳಗಿನ ಸ್ತರ, ನಡುವೆ ಏನೂ ಇಲ್ಲ. ಮುದ್ರಿಸಿ ಕೇಳಿದರೆ ಟೊಳ್ಳು. ಪ್ರವಾಸಗಳಲ್ಲಿ ಜೊತೆಗಿರುತ್ತಿದ್ದ ಪೀಟರ್ ಹೋಲ್ಸಾಪಲ್ ಕೈಗೆ ಅಕೂಸ್ಟಿಕ್ ಗಿಟಾರ್ ಕೊಟ್ಟು ಆ ನಡುವನ್ನು ತುಂಬಿಸಿದರು. ಆಮೇಲೆ ಅಟ್ಲಾಂಟಾದಲ್ಲಿ ಮಾರ್ಕ್ ಬಿಂಗ್‌ಹ್ಯಾಮ್ ಬರೆದ ತಂತಿವಾದ್ಯಗಳು ಸೇರಿದವು. ಮುಂದಿನ ಸಲ ಕೇಳುವಾಗ ಆ ಗಿಟಾರನ್ನು ಮಾತ್ರ ಹಿಂಬಾಲಿಸಿ. ಗಮನಕ್ಕೆ ಬರುವುದಿಲ್ಲ, ಆದರೆ ಹಾಡನ್ನು ಹೊತ್ತು ನಿಂತಿರುವುದು ಅದೇ.

ಮೊದಲ ಸಿಂಗಲ್ ಆಗಿ ಇದನ್ನು ಬಿಡಲು ವಾರ್ನರ್ ಹಿಂಜರಿಯಿತು. ಬ್ಯಾಂಡ್ ಪಟ್ಟು ಹಿಡಿಯಿತು. ಅಮೆರಿಕದಲ್ಲಿ 4ನೇ ಸ್ಥಾನ, ಅವರ ಇಡೀ ಬದುಕಿನ ಅತಿ ದೊಡ್ಡ ಹಿಟ್. ವಿಡಿಯೊ ಮಾಡಿದವನು ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಅದಕ್ಕೆ ಆ ವರ್ಷದ ಎಂಟಿವಿಯ ಅತ್ಯುತ್ತಮ ವಿಡಿಯೊ ಪ್ರಶಸ್ತಿ ಬಂತು. ನಮ್ಮಲ್ಲಿ ಸ್ಟಾರ್ ಟಿವಿಯ ಮೂಲಕ ಎಂಟಿವಿ ಕಾಲಿಟ್ಟದ್ದೂ ಆ ಹೊತ್ತಿನಲ್ಲೇ, ಹಾಗಾಗಿ ಇಲ್ಲಿ ಎಷ್ಟೋ ಜನಕ್ಕೆ ಬ್ಯಾಂಡಿನ ಹೆಸರು ಗೊತ್ತಾಗುವ ಮುಂಚೆ ಆ ಮುಖ, ಆ ಮಳೆ, ಸ್ಟೈಪ್‌ನ ಆ ವಿಚಿತ್ರ ಕುಣಿತ ಗೊತ್ತಿತ್ತು.

ಈ ಹಾಡಿದ್ದ ಆಲ್ಬಂ 'ಔಟ್ ಆಫ್ ಟೈಮ್' ಮೊದಲ ಸ್ಥಾನಕ್ಕೆ ಏರಿದಾಗಲೂ ಅವರು ಪ್ರವಾಸ ಹೊರಡಲಿಲ್ಲ. ಮರುವರ್ಷದ 'ಆಟೊಮ್ಯಾಟಿಕ್ ಫಾರ್ ದಿ ಪೀಪಲ್'ಗೂ ಹೊರಡಲಿಲ್ಲ. ವ್ಯಾಪಾರದವರಿಗೆ ಇದು ಹುಚ್ಚುತನ. ಆದರೆ ಹಿಂದೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ಬೇರೆ ಬ್ಯಾಂಡುಗಳಲ್ಲಿ ಬರೆದವರು ಮನೆಯಲ್ಲಿ ಕೂತರೂ ನಡೆಯುತ್ತದೆ. ಬೇಸ್, ಡ್ರಮ್ಸ್ ನುಡಿಸುವವರ ಹೊಟ್ಟೆಪಾಡು ಪ್ರವಾಸದ್ದು. ಅವರು ಹೋಗೋಣ ಅಂತ ಒತ್ತಾಯಿಸದೆ ವಿಧಿಯಿಲ್ಲ. ಇಲ್ಲಿ ನಾಲ್ವರಿಗೂ ಮನೆಗೇ ಸಮನಾಗಿ ಹಣ ಬರುತ್ತಿತ್ತು. ಬೇಡ ಅನ್ನುವ ಹಕ್ಕು ಕಾಗದದ ಮೇಲೆ ಎಲ್ಲರಿಗೂ ಇರಬಹುದು, ಅದನ್ನು ಚಲಾಯಿಸಲು ಕೈಯಲ್ಲಿ ಕಾಸಿರಬೇಕು.

ಸಮಪಾಲಿನ ಇನ್ನೊಂದು ಫಲ ಈ ಎರಡು ಆಲ್ಬಂಗಳ ಒಳಗೇ ಇದೆ. ಬಕ್ ಮ್ಯಾಂಡೊಲಿನ್ ಹಿಡಿದರೆ ಮಿಲ್ಸ್ ಪಿಯಾನೊ ಅಥವಾ ಆರ್ಗನ್‌ಗೆ, ಬೆರ್ರಿ ಬೇಸ್‌ಗೆ. 'ಎವ್ರಿಬಡಿ ಹರ್ಟ್ಸ್' ಹಾಡಿನ ಮೂಲ ಬೆರ್ರಿಯದು, ಅದೇ ಹಾಡಿನಲ್ಲಿ ಅವನು ಡ್ರಮ್ಸ್ ನುಡಿಸಿದ್ದು ಅತ್ಯಲ್ಪ. ಟಿಕ್ ಟಿಕ್ ಅನ್ನುವುದು 20 ಡಾಲರ್‌ಗೆ ಕೊಂಡ ಯುನಿವಾಕ್ಸ್ ಡ್ರಮ್ ಯಂತ್ರ. ತಂತಿವಾದ್ಯಗಳನ್ನು ಹೊಂದಿಸಿದವನು ಲೆಡ್ ಜೆಪೆಲಿನ್‌ನ ಜಾನ್ ಪಾಲ್ ಜೋನ್ಸ್. ತನ್ನ ಹಾಡಿನಲ್ಲಿ ತನ್ನ ವಾದ್ಯವನ್ನೇ ಪಕ್ಕಕ್ಕಿಡುವ ಡ್ರಮ್ಮರ್ ಎಷ್ಟು ಬ್ಯಾಂಡುಗಳಲ್ಲಿ ಸಿಕ್ಕಾನು?

ಇನ್ನು ಈ ಪದ್ಧತಿ ಕೈಕೊಟ್ಟ ಕಡೆ. ಆರು ವರ್ಷದ ಬಿಡುವಿನ ನಂತರ 1995ರಲ್ಲಿ 'ಮಾನ್‌ಸ್ಟರ್' ಆಲ್ಬಂನ ಪ್ರವಾಸ ಹೊರಟರು. ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ವೇದಿಕೆಯ ಮೇಲೆಯೇ ಬೆರ್ರಿಗೆ ಮಿದುಳಿನ ರಕ್ತನಾಳ ಒಡೆಯಿತು. ಅಲ್ಲೇ ಶಸ್ತ್ರಚಿಕಿತ್ಸೆ, ಮೇ ತಿಂಗಳಿಗೆ ಮತ್ತೆ ಪ್ರವಾಸ. ಜುಲೈನಲ್ಲಿ ಮಿಲ್ಸ್‌ಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ, ಆಗಸ್ಟ್‌ನಲ್ಲಿ ಸ್ಟೈಪ್‌ಗೆ ಹರ್ನಿಯಾ. ಇಷ್ಟರ ನಡುವೆ ಎಂಟು ಟ್ರ್ಯಾಕ್‌ನ ರೆಕಾರ್ಡರ್‌ಗಳನ್ನು ಜೊತೆಗೊಯ್ದು ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್‌ಚೆಕ್‌ಗಳಲ್ಲಿ, ವೇದಿಕೆಯಲ್ಲಿ, ಒಂದು ತುಣುಕನ್ನು ಡ್ರೆಸ್ಸಿಂಗ್ ರೂಮಿನಲ್ಲಿಯೂ ಮುದ್ರಿಸಿದರು. ಅದರಿಂದ 1996ರ 'ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ' ಬಂತು. ಅವರ ಅತ್ಯುತ್ತಮ ಆಲ್ಬಂ ಇದೇ ಅನ್ನುವ ಸಣ್ಣ ಪಂಗಡಕ್ಕೆ ನಾನು ಸೇರಿದವನು.

ಅದೇ ವರ್ಷ ವಾರ್ನರ್ ಜೊತೆ ಐದು ಆಲ್ಬಂಗಳ ಹೊಸ ಒಪ್ಪಂದ, 8 ಕೋಟಿ ಡಾಲರ್ ಅಂತ ಪತ್ರಿಕೆಗಳು ಬರೆದವು. 1997ರ ಅಕ್ಟೋಬರ್‌ನಲ್ಲಿ ಬೆರ್ರಿ ಹೊರಟುಹೋದ. ಒಬ್ಬ ಹೋದರೆ ಬ್ಯಾಂಡ್ ಮುಗಿಯಿತು ಅಂತ ಅವರು ಮೊದಲಿನಿಂದ ಹೇಳುತ್ತಿದ್ದರು. ನಾನು ಹೋದದ್ದಕ್ಕೆ ನೀವು ನಿಲ್ಲಿಸುವುದಾದರೆ ನಾನು ಹೋಗುವುದೇ ಇಲ್ಲ ಅಂತ ಬೆರ್ರಿ ಪಟ್ಟು ಹಿಡಿದ ಮೇಲೆ ಉಳಿದ ಮೂವರು ಮುಂದುವರಿದರು. ದುಡ್ಡಿನ ಜಗಳವಿಲ್ಲ, ದ್ವೇಷವಿಲ್ಲ. ಅವನಿಗೆ ಪ್ರವಾಸ, ಗದ್ದಲ ಸಾಕಾಗಿತ್ತು. ಸಮಪಾಲು ಹೊಟ್ಟೆಕಿಚ್ಚನ್ನು ತಡೆಯುತ್ತದೆ, ದಣಿವಿಗೆ ಅದರಲ್ಲಿ ಮದ್ದಿಲ್ಲ.

1998ರ 'ಅಪ್' ಡ್ರಮ್ ಯಂತ್ರಗಳ, ಮಂದ ಬೆಳಕಿನ ಆಲ್ಬಂ. ಅದರ ನಡುವೆ ಬ್ಯಾಂಡ್ ಒಡೆಯುವ ಅಂಚಿಗೆ ಬಂದಿತ್ತು. ಹಾಡಿನ ಕೆಳಗೆ ಈಗ ಮೂರೇ ಹೆಸರು. ನಾಲ್ಕು ಜನರಿದ್ದಾಗ ಬೇಡ ಅನ್ನುವವನನ್ನು ಉಳಿದ ಮೂವರು ಕೂತು ಒಲಿಸಬಹುದಿತ್ತು, ಅಥವಾ ಅವನ ಮಾತಿನಲ್ಲಿ ಅರ್ಥವಿದೆ ಅಂತ ಒಪ್ಪಬಹುದಿತ್ತು. ಮೂವರಲ್ಲಿ ಪ್ರತಿ ಭಿನ್ನಾಭಿಪ್ರಾಯವೂ ಇಬ್ಬರ ಎದುರು ಒಬ್ಬ. ಅದನ್ನು ತಪ್ಪಿಸಲು ಯಾರೂ ಬೇಡ ಅನ್ನದೆ ಸುಮ್ಮನಾದರೆ ಏನಾಗುತ್ತದೆ ಅನ್ನುವುದು 2004ರ 'ಅರೌಂಡ್ ದಿ ಸನ್'ನಲ್ಲಿ ಕೇಳಿಸುತ್ತದೆ: 55 ನಿಮಿಷ, ತಿದ್ದಿ ತಿದ್ದಿ ಜೀವ ಹೋದ ಹಾಡುಗಳು. ನಡುವೆ ಹಳೆಯ ಹಿಟ್‌ಗಳ ಪ್ರವಾಸಕ್ಕಾಗಿ ಕೆಲಸ ನಿಂತದ್ದೂ ಪೆಟ್ಟು ಕೊಟ್ಟಿತು. ಬೇಸತ್ತವರು ಮಾಡಿದ ಆಲ್ಬಂ ಅಂತ ಬಕ್ ಆಮೇಲೆ ಬಾಯಿಬಿಟ್ಟೇ ಹೇಳಿದ.

ರಿಪೇರಿ ಮಾಡಿದ ರೀತಿ ಗಮನಿಸುವಂಥದ್ದು. 2007ರ ಬೇಸಿಗೆಯಲ್ಲಿ ಡಬ್ಲಿನ್‌ನ ಒಲಿಂಪಿಯಾ ಥಿಯೇಟರ್‌ನಲ್ಲಿ ಐದು ರಾತ್ರಿ, ಅರೆಬೆಂದ ಹೊಸ ಹಾಡುಗಳನ್ನು ಟಿಕೆಟ್ ಕೊಂಡು ಬಂದವರ ಎದುರೇ ನುಡಿಸಿ ನೋಡಿದರು. ಜನರ ಎದುರು ಎಳೆದಾಡುವ ಹಾಡು ಯಾವುದು ಅಂತ ತಕ್ಷಣ ತಿಳಿಯುತ್ತದೆ, ಚರ್ಚೆ ಬೇಕಿಲ್ಲ. ನಿರ್ಮಾಪಕ ಜಾಕ್‌ನೈಫ್ ಲೀ ಜೊತೆ ಕೆಲವೇ ವಾರಗಳಲ್ಲಿ ಮುಗಿಸಿದ 'ಆಕ್ಸೆಲರೇಟ್' ಸುಮಾರು 35 ನಿಮಿಷ. ಮಹಾಕೃತಿ ಅಲ್ಲ, ಆದರೆ ಉಸಿರಿದೆ.

2011ರ ಮಾರ್ಚ್‌ನ 'ಕೊಲ್ಯಾಪ್ಸ್ ಇಂಟು ನೌ' ಒಪ್ಪಂದದ ಐದನೆಯ ಮತ್ತು ಕಡೆಯ ಆಲ್ಬಂ. ಐ.ಆರ್.ಎಸ್.ಗೆ ಐದು, ವಾರ್ನರ್‌ಗೆ ಬೆರ್ರಿ ಇದ್ದಾಗ ಐದು, ಇಲ್ಲದಾಗ ಐದು. ಯಾರಿಗೂ ಬಾಕಿ ಉಳಿಸದೆ ಆರು ತಿಂಗಳಿಗೆ ಅಂಗಡಿ ಮುಚ್ಚಿದರು. ಬೀಳ್ಕೊಡುಗೆ ಪ್ರವಾಸವನ್ನೂ ಮಾಡಲಿಲ್ಲ. 2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್ ಗೀತರಚನೆಗಾಗಿ ಗೌರವಿಸಿದ್ದು ನಾಲ್ವರನ್ನೂ. ಅಂದು ನಾಲ್ವರೂ ಸೇರಿ ಒಂದೇ ಒಂದು ಹಾಡು ನುಡಿಸಿ ಇಳಿದರು. ಮತ್ತೆ ಸೇರುತ್ತೀರಾ ಅಂದರೆ ಇಲ್ಲ.

ಹೊಸದಾಗಿ ಕೇಳುವವರಿಗೆ: 'ಮರ್ಮರ್', ಆಮೇಲೆ 'ಆಟೊಮ್ಯಾಟಿಕ್', ಆಮೇಲೆ 'ಹೈ-ಫೈ'. ಕಾಲಕ್ರಮದ ಹಠ ಬೇಡ, ನಡುವಿನ ಕೆಲವು ತಡೆಯುತ್ತವೆ. 'ಮಾನ್‌ಸ್ಟರ್' ಕೇಳುವುದಾದರೆ 1994ರ ಮೂಲದ ಜೊತೆಗೆ 2019ರ ಮರುಮಿಶ್ರಣವನ್ನೂ ಹಾಕಿಕೊಳ್ಳಿ. ಮೂಲದಲ್ಲಿ ಸ್ಟೈಪ್‌ನ ದನಿ ಗಿಟಾರ್‌ಗಳ ಅಡಿಯಲ್ಲಿ ಹೂತುಹೋಗಿದೆ. 25 ವರ್ಷ ಅದು ಕಾಡುತ್ತಿತ್ತೋ ಏನೋ, ಸ್ಕಾಟ್ ಲಿಟ್ ತಾನೇ ಕೂತು ದನಿಯನ್ನು ಮುಂದೆ ತಂದ. ಮೊದಲ ಹಾಡನ್ನು ಎರಡರಲ್ಲೂ ಬೆನ್ನುಬೆನ್ನಿಗೆ ಕೇಳಿದರೆ ಮಿಕ್ಸಿಂಗ್ ಅಂದರೇನು ಅಂತ ಯಾರೂ ಪಾಠ ಮಾಡಬೇಕಾಗಿಲ್ಲ. ನನಗೆ ಈಗಲೂ ಹೂತುಹೋದದ್ದೇ ಇಷ್ಟ.